ಪಕ್ಕದ ಮನೆಯ ಹಿಕ್ಕೆ

ಹಿರಿಸೊಸೆ ಹಲ್ಲು ಮಸೆಯುತ್ತಿದ್ದಳು. ಗೂಡಿನ ಮುಂದೆ ಮಂಡಿಯೂರಿ ಜಾಲರಿಗೆ ಕಿವಿ ಕೊಟ್ಟರೆ ಮಾತ್ರ ಕೇಳುವಷ್ಟು ಸಣ್ಣ ಸದ್ದು ಅದು. ಮೊಲ ಖುಷಿಯಲ್ಲಿದ್ದಾಗಲೂ ಹಲ್ಲು ಮಸೆಯುತ್ತದೆ, ನೋವಿನಲ್ಲಿದ್ದಾಗಲೂ ಮಸೆಯುತ್ತದೆ, ಎರಡರ ವ್ಯತ್ಯಾಸವನ್ನು ಸಾಕುವವನು ತಿಳಿದಿರಬೇಕು ಎಂದು, ಪಶುಪಾಲನೆಯ ತರಬೇತಿ ಕೇಂದ್ರ ಮುಚ್ಚಿಹೋಗುವವರೆಗೂ ಅಲ್ಲಿ ಪಾಠ ಹೇಳಿಕೊಂಡಿದ್ದವನು ಅವನೇ. ವ್ಯತ್ಯಾಸ ಅವನಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಟೂತ್‌ಬ್ರಶ್ಶನ್ನು ಬಾಯಲ್ಲೇ ಇಟ್ಟುಕೊಂಡು, ಇದು ಖುಷಿಯೇ ಯಾಕಿರಬಾರದು ಎಂದು ನಂಬಲು ಸಾಕಷ್ಟು ಹೊತ್ತು ಪ್ರಯತ್ನಪಟ್ಟ. ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರೆಮುಚ್ಚಿ, ಉಬ್ಬಿದ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಖುಷಿಪಡುವ ಮೊಲವನ್ನು ಅವನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಗೂಡಿನ ಕೆಳಗಿನ ತಟ್ಟೆಯಲ್ಲಿ ಗುಂಡುಗುಂಡಾದ ಗಟ್ಟಿ ಹಿಕ್ಕೆ ಇರಬೇಕಾದ ಕಡೆ ನೀರುನೀರಾದದ್ದೇನೋ ಬಿದ್ದಿತ್ತು. ಮಧ್ಯಾಹ್ನದ ಬಸ್ಸಿಗೆ ಅಕ್ಕ ಬರುವವಳಿದ್ದಳು.

ಮೊಲಗಳು ಅಕ್ಕನವು. ಶೆಡ್ಡು ಅಕ್ಕನದು, ಮನೆ ಅಕ್ಕನದು, ಬಾಯಲ್ಲಿದ್ದ ಬ್ರಶ್ಶು ಕೂಡ ಅಕ್ಕ ತಂದಿಟ್ಟದ್ದು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ನಿವೃತ್ತಳಾದ ಮೇಲೆ ಹಿತ್ತಿಲಲ್ಲಿ ಶೆಡ್ಡು ಹಾಕಿಸಿ, ಮರಿ ಮಾಡಿಸಿ ಮಾರುವುದನ್ನು ಶುರುಮಾಡಿದ್ದಳು. ಕೆಲಸ ಹೋದ ತಮ್ಮ ಪುಸ್ತಕದ ಪೆಟ್ಟಿಗೆಗಳ ಸಮೇತ ಬಂದು ಸೇರಿಕೊಂಡಾಗ ಒಂದು ಕೋಣೆ ಖಾಲಿ ಮಾಡಿಕೊಟ್ಟಳು, ಏನೊಂದೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು, ಉತ್ತರಗಳನ್ನೆಲ್ಲ ಸಿದ್ಧಮಾಡಿಟ್ಟುಕೊಂಡಿದ್ದ. ಮೊದಲು ತಂದ ಹೆಣ್ಣುಮೊಲಕ್ಕೆ ಅವಳು ಹಿರಿಸೊಸೆ ಎಂದು ಹೆಸರಿಟ್ಟಿದ್ದಳು. ಮಗನೇ ಇಲ್ಲದವಳಿಗೆ ಸೊಸೆ ಎಲ್ಲಿಂದ ಬಂದಳು ಎಂದು ಕೆಣಕಿದರೆ, ‘ನೀನಿದೀಯಲ್ಲ, ಮಗನ ಲೆಕ್ಕಕ್ಕೆ. ಅವಳಾದ್ರೂ ಹೇಳಿದ ಮಾತು ಕೇಳ್ತಾಳೆ’ ಎನ್ನುತ್ತಿದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡು, ಚಿಕ್ಕಮ್ಮನ ಮನೆಯಲ್ಲಿ ಒಂದಷ್ಟು ದಿನ ಇದ್ದು ಬರುತ್ತೇನೆಂದು ಹೊರಟ ದಿನ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು. ‘ನಾನು ಬರೋವರೆಗೂ ಚೀಲದ ಮೇವೇ ಹಾಕು. ನಿನ್ನ ಸೊಪ್ಪಿನ ವಿಷಯ ಬಂದ ಮೇಲೆ ಕೂತು ಮಾತಾಡೋಣ.’ ಅವನು ಸೊಪ್ಪಿನ ಪರವಾಗಿ ಬಾಯಿ ತೆರೆದ. ‘ಗೊತ್ತು ಕಣೋ, ನೀನು ಹಿಡಿದ ಮೊಲಕ್ಕೆ ಮೂರೇ ಕಾಲು. ನನ್ನ ಮೊಲಕ್ಕೆ ನಾಲ್ಕಿದೆ, ನಾಲ್ಕೂ ಹಾಗೇ ಇರ್ಲಿ’ ಎಂದು ಗಾಡಿ ಹತ್ತಿದಳು.

ಗಾಡಿ ತಿರುವು ದಾಟುವ ಮೊದಲೇ ಅವನು ಚೀಲದ ಬಾಯಿ ಕಟ್ಟಿದ್ದ. ಎಲ್ಲಿಂದಲೋ ಹಡಗು ಹತ್ತಿ ಬರುವ ಸೋಯಾ ಹಿಂಡಿಯ ಈ ಅಂಗಡಿ ಮೇವನ್ನು ನಂಬಿ ಮೊಲ ಸಾಕುವುದು ದಡ್ಡತನ, ಬೇಲಿಯಂಚಿನ ಹಿಪ್ಪುನೇರಳೆ ಎಲೆ, ಗಾಣದಲ್ಲಿ ಉಳಿಯುವ ಸೂರ್ಯಕಾಂತಿ ಹಿಂಡಿ, ತರಕಾರಿ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಬಟಾಣಿ ಸಿಪ್ಪೆ, ಇಷ್ಟರಲ್ಲೇ ಮೊಲಕ್ಕೆ ಬೇಕಾದದ್ದೆಲ್ಲ ಇದೆ ಎಂಬುದು ಅವನ ಜೀವಮಾನದ ನಂಬಿಕೆ. ಅದು ಸುಳ್ಳೂ ಅಲ್ಲ. ಸುಳ್ಳಾಗಿದ್ದರೆ ಇವತ್ತು ಎಷ್ಟೋ ಸಲೀಸಾಗಿರುತ್ತಿತ್ತು. ಎಲೆ ಒಣಗಿಸಿದ, ಪುಡಿಮಾಡಿದ, ಗಂಜಿ ಹಾಕಿ ಕಲೆಸಿದ, ಕೀಮಾ ಮಾಡುವ ಕೈಯಂತ್ರದಲ್ಲಿ ಒತ್ತಿ ಒತ್ತಿ ಕಡ್ಡಿಯಂಥ ತುಂಡುಗಳನ್ನು ತೆಗೆದು ತಾರಸಿಯ ಮೇಲೆ ಹಳೆಯ ಪೇಪರಿನಲ್ಲಿ ಹರವಿದ. ಕಾಗೆ ಓಡಿಸುತ್ತ ಬಿಸಿಲಿಗೆ ಕೂತ. ಹಾಕಿದ ಮೊದಲ ದಿನ ಮೊಲಗಳು ಮುಗಿಬಿದ್ದು ತಿಂದಾಗ ಅವನ ಕಣ್ಣು ತುಂಬಿ ಬಂದಿತ್ತು, ಅದನ್ನು ನೋಡಲು ಯಾರೂ ಇಲ್ಲವಲ್ಲ ಎಂದು ಬೇಜಾರೂ ಆಗಿತ್ತು. ಹೊಸ ಮೇವನ್ನು ಹಳೆಯದಕ್ಕೆ ಚೂರುಚೂರೇ ಬೆರೆಸುತ್ತ ಹೋಗಬೇಕು. ಮೊಲದ ಕರುಳಿನಲ್ಲಿ ಮನೆಮಾಡಿಕೊಂಡಿರುವ ಸೂಕ್ಷ್ಮಜೀವಿಗಳಿಗೆ ಹೊಸ ಅಡುಗೆ ಒಗ್ಗಲು ಸಮಯ ಬೇಕು. ಇದು ಅವನ ಮೊದಲನೆಯ ಪಾಠವಾಗಿತ್ತು. ‘ಅಡುಗೆಯವರನ್ನ ರಾತ್ರೋರಾತ್ರಿ ಬದಲಾಯಿಸಿದ್ರೆ ಮನೆಮಂದಿಯೆಲ್ಲ ಹೊಟ್ಟೆ ಹಿಡ್ಕೊಂಡು ಕೂರಬೇಕಾಗುತ್ತೆ’ ಎಂದು ಬೋರ್ಡಿನ ಮೇಲೆ ಹೊಟ್ಟೆ ಹಿಡಿದುಕೊಂಡ ಮೊಲವೊಂದನ್ನು ಬರೆದು ನಗಿಸುತ್ತಿದ್ದ. ಆದರೆ ಚೂರುಚೂರೇ ಬೆರೆಸಿದರೆ ಅಕ್ಕ ಬರುವ ಹೊತ್ತಿಗೆ ಅರ್ಧ ಚೀಲ, ಅರ್ಧ ಸೊಪ್ಪು. ಅರ್ಧ ಗೆಲುವನ್ನು ಯಾರು ಗೆಲುವು ಅನ್ನುತ್ತಾರೆ? ಅವಳು ಶೆಡ್ಡಿಗೆ ಬರಬೇಕು, ಮಿರಮಿರ ಮಿಂಚುವ ಮೊಲಗಳನ್ನು ನೋಡಬೇಕು, ಚೀಲ ಎಲ್ಲೋ ಅನ್ನಬೇಕು, ಇವನು ಯಾವ ಚೀಲ ಅನ್ನಬೇಕು. ಆಗ ನಗಬೇಕಾದ ನಗುವನ್ನೂ ಕನ್ನಡಿಯ ಮುಂದೆ ನೋಡಿಕೊಂಡಿದ್ದ. ಹೋಲಿಕೆಗೆಂದು ಒಂದೆರಡನ್ನಾದರೂ ಹಳೆಯ ಮೇವಿನಲ್ಲೇ ಬಿಡಬೇಕು ಎಂಬುದು ಎರಡನೆಯ ಪಾಠ. ಯಾರಿಗೂ ಅನ್ಯಾಯವಾಗಬಾರದೆಂದು ಎಲ್ಲಕ್ಕೂ ಒಂದೇ ದಿನ ಹಾಕಿದ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರೆ. ಇವನು ಬದನೆಕಾಯಿಯನ್ನು ತಾನೂ ತಿನ್ನದೆ ಮೊಲಗಳಿಗೆ ತಿನ್ನಿಸಿದ್ದ.

ಮಿಕ್ಕ ಗೂಡುಗಳನ್ನು ನೋಡಿಕೊಂಡು ಬಂದ. ಎಲ್ಲಕ್ಕೂ ಹೊಟ್ಟೆ ಕೆಟ್ಟಿತ್ತು, ಆದರೆ ಓಡಾಡುತ್ತಿದ್ದವು, ಮೂಗು ಅಲ್ಲಾಡಿಸುತ್ತಿದ್ದವು. ವಯಸ್ಸಾದ ಹಿರಿಸೊಸೆಯೊಬ್ಬಳೇ ಮಲಗಿಬಿಟ್ಟಿದ್ದಳು. ಪಶು ಆಸ್ಪತ್ರೆಗೆ ಫೋನು ಮಾಡಿದರೆ, ಡಾಕ್ಟರು ರಜೆ, ಬೆಚ್ಚಗಿಡಿ, ಇನ್ನೇನು ಮಾಡೋದು ನಿಮಗೇ ಗೊತ್ತಿರುತ್ತಲ್ಲ ಸಾರ್ ಎಂದಿತು ಆ ಕಡೆಯ ದನಿ. ಬಹುಶಃ ಅವನ ಹಳೆಯ ವಿದ್ಯಾರ್ಥಿಯೇ. ಗೊತ್ತಿತ್ತು, ಅದೇ ತೊಂದರೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗಟ್ಟಿಯದು ಕಸ. ಇನ್ನೊಂದು ಮೆತ್ತಗೆ, ಸಣ್ಣ ದ್ರಾಕ್ಷಿಗೊಂಚಲಿನ ಹಾಗಿರುತ್ತದೆ. ಅದನ್ನು ನೆಲಕ್ಕೆ ಬೀಳಗೊಡದೆ ಮೊಲವೇ ಬಗ್ಗಿ ಬಾಯಿಗೆ ತೆಗೆದುಕೊಳ್ಳುತ್ತದೆ. ಕರುಳಿನ ಜೀವವೆಲ್ಲ ಅದರಲ್ಲಿದೆ. ಆರೋಗ್ಯವಾಗಿರುವ ಮೊಲದಿಂದ ಅದನ್ನು ಹೇಗಾದರೂ ಪಡೆದು, ಕೆಟ್ಟ ಹೊಟ್ಟೆಯ ಮೊಲಕ್ಕೆ ಬೇಗ ತಿನ್ನಿಸಿದರೆ ಎಷ್ಟೋ ಸಲ ಬದುಕಿಕೊಳ್ಳುತ್ತದೆ. ಬೇಗ ಎಂಬ ಪದದ ಕೆಳಗೆ ಬೋರ್ಡಿನಲ್ಲಿ ಗೆರೆ ಎಳೆಯುತ್ತಿದ್ದುದು ನೆನಪಿತ್ತು. ಹೊಟ್ಟೆ ಕೆಡದ ಮೊಲ ಈ ಶೆಡ್ಡಿನಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಕಾಂಪೌಂಡು ಗೋಡೆಯ ಆಚೆ, ಪಕ್ಕದ ಮನೆಯ ಟೈಲರನ ಹಿತ್ತಿಲಲ್ಲಿ. ಅವು ಇವತ್ತಿಗೂ ಚೀಲದ ಮೇವನ್ನೇ ತಿಂದುಕೊಂಡು ಸುಖವಾಗಿದ್ದವು.

ಟೈಲರ್ ಒಬ್ಬನನ್ನು ಬಿಟ್ಟು ಬೇರೆ ಯಾರಾಗಿದ್ದರೂ ಆಗಬಹುದಿತ್ತು. ಮೊಲ ಸಾಕುವವರ ಸಂಘದ ಸಭೆಯಲ್ಲಿ, ಮೈಕು ಕೈಗೆ ಬಂದ ಹುರುಪಿನಲ್ಲಿ, ಸಾಕಷ್ಟು ಜನ ಆಕಳಿಸುವುದನ್ನು ಕಂಡು ಇವನು ಒಂದು ಉದಾಹರಣೆ ಕೊಟ್ಟಿದ್ದ. ‘ಚೀಲ ನಂಬಿದೋರನ್ನ ನೋಡಬೇಕಾದ್ರೆ ದೂರ ಹೋಗೋದೇ ಬೇಡ, ನಮ್ಮ ಪಕ್ಕದ ಮನೇಲೇ ಇದಾರೆ. ಊರಿನೋರಿಗೆಲ್ಲ ಅಳತೆ ತೆಗೆದು ಹೊಲಿದುಕೊಡ್ತಾರೆ, ತಮ್ಮ ಮೊಲಕ್ಕೆ ಮಾತ್ರ ರೆಡಿಮೇಡ್ ತರ್ತಾರೆ.’ ಸಭೆಗೆ ಸಭೆಯೇ ನಕ್ಕಿತ್ತು. ಎರಡನೆಯ ಸಾಲಿನಲ್ಲಿ ಕೂತಿದ್ದ ಟೈಲರನೂ ನಕ್ಕಿದ್ದ, ಸ್ವಲ್ಪ ತಡವಾಗಿ, ಅತ್ತಿತ್ತ ನೋಡಿ. ಆ ತಡ ಇವನ ಕಣ್ಣಿಗೆ ಬಿದ್ದಿತ್ತು; ಬಿದ್ದರೂ ನಗು ನಿಲ್ಲಲಿ ಎಂದು ಕಾದು ಅದೇ ಮಾತನ್ನು ಇನ್ನೊಂದು ಸಲ ಹೇಳಿದ್ದ. ಆಮೇಲೆ ಗೋಡೆಯಾಚೆಯ ಮಾತು ತಲೆಯಾಡಿಸುವುದಕ್ಕೆ ಇಳಿಯಿತು, ತಲೆಯಾಡಿಸುವುದೂ ನಿಂತಿತು. ಅಕ್ಕ ಮಾತ್ರ ಏನೂ ಆಗದವಳಂತೆ ಅಲ್ಲಿಗೆ ಹೋಗಿ ಬರುತ್ತಿದ್ದಳು. ಇವನು ತನ್ನ ಪ್ಯಾಂಟುಗಳನ್ನು ಬಸ್ಸು ಹತ್ತಿ ಹೋಗಿ ಹೊಲಿಸಿಕೊಂಡು ಬರತೊಡಗಿದ.

ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ಹಿಕ್ಕೆ ಬೇಡಲು ಹೋಗುವವನು ಇಸ್ತ್ರಿಯ ಅಂಗಿ ಯಾಕೆ ಹಾಕಿಕೊಂಡೆ ಎಂಬುದು ಗೇಟಿನ ಹತ್ತಿರ ಹೊಳೆಯಿತು, ಆದರೆ ಬದಲಾಯಿಸಲು ಹೋದರೆ ಹೊರಡುವ ಧೈರ್ಯವೂ ಕಳಚಿಹೋಗಬಹುದಿತ್ತು. ರಸ್ತೆಗೆ ತೆರೆದ ಮುಂಗೋಣೆಯಲ್ಲಿ ಟೈಲರ್ ಮಿಷಿನ್ ತುಳಿಯುತ್ತಿದ್ದ. ಬಾಗಿಲಿಗೆ ನೆರಳು ಬಿದ್ದದ್ದಕ್ಕೆ ಕನ್ನಡಕದ ಮೇಲಿನಿಂದ ನೋಡಿ, ‘ಏನು ಮೇಷ್ಟ್ರೇ?’ ಎಂದ. ಇವನ ಬಾಯಿಂದ ಬಂದದ್ದು, ‘ಏನಿಲ್ಲ, ಹೀಗೇ. ನಲ್ಲಿ ನೀರು ಬಂತಾ?’ ಎಂಬುದು. ಟೈಲರ್ ಕಾಲು ನಿಲ್ಲಿಸಲಿಲ್ಲ. ‘ನಿಮಗೂ ನಮಗೂ ಒಂದೇ ಪೈಪಲ್ವಾ? ಬಂದಿದ್ರೆ ನಿಮ್ಮಲ್ಲೂ ಬಂದಿರುತ್ತೆ.’ ಅದು ಸರಿಯೇ ಎಂದು ಒಪ್ಪಿಕೊಂಡು ವಾಪಸು ಬಂದ. ಮನೆಯ ನಲ್ಲಿ ತಿರುಗಿಸಿ ನೋಡಿದ ಕೂಡ. ನೀರು ಬರುತ್ತಿತ್ತು.

ಸೀಸೆಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಹಿರಿಸೊಸೆಯ ಪಕ್ಕದಲ್ಲಿಟ್ಟ. ಕಿವಿ ಮುಟ್ಟಿದರೆ ತಣ್ಣಗಿತ್ತು. ಇಂಕು ತುಂಬುವ ಫಿಲ್ಲರಿನಿಂದ ತುಟಿಯ ಸಂದಿಗೆ ನೀರು ಬಿಟ್ಟರೆ ಅರ್ಧ ಒಳಗೆ ಹೋಯಿತು, ಅರ್ಧ ಅವನ ಅಂಗಿಯ ತೋಳಿಗೆ ಬಂತು. ಅವನಿಗೆ ಬೇಕಾಗಿದ್ದದ್ದು ಒಂದು ವಾಕ್ಯ. ಕೇಳಿದ ಹಾಗೂ ಇರಬೇಕು, ಬೇಡಿದ ಹಾಗಿರಬಾರದು. ‘ಒಂದು ಸಣ್ಣ ಅಧ್ಯಯನಕ್ಕಾಗಿ ನಿಮ್ಮ ಮೊಲಗಳಿಂದ ಕೆಲವು ಮಾದರಿಗಳು ಬೇಕಾಗಿದ್ದವು.’ ಈ ವಾಕ್ಯ ಅವನಿಗೆ ತುಂಬ ಹಿಡಿಸಿತು. ಮಾದರಿ ಎಂಬ ಪದಕ್ಕೆ ಯಾವ ವಾಸನೆಯೂ ಇರಲಿಲ್ಲ. ಶೆಡ್ಡಿನಿಂದ ಅಡುಗೆಮನೆಗೂ ಅಡುಗೆಮನೆಯಿಂದ ಶೆಡ್ಡಿಗೂ ನಡೆಯುತ್ತ ಅದನ್ನು ತಿದ್ದಿದ, ‘ಕೆಲವು’ ತೆಗೆದು ‘ಒಂದೆರಡು’ ಹಾಕಿದ, ‘ದಯವಿಟ್ಟು’ ಸೇರಿಸಿದ, ತೆಗೆದ. ಚಿಕ್ಕಂದಿನಲ್ಲಿ ಅವನಿಗೆ ಜ್ವರ ಏರಿದಾಗ ಅಕ್ಕ ಬೀದಿಯ ಮನೆಮನೆ ಬಾಗಿಲು ತಟ್ಟಿ ಥರ್ಮಾಮೀಟರ್ ಕೇಳಿದ್ದಳು, ಜಗಳವಾಡಿಕೊಂಡಿದ್ದ ಮನೆಯನ್ನೂ ಬಿಟ್ಟಿರಲಿಲ್ಲ. ‘ಇದ್ರೆ ಕೊಡಿ, ನನ್ನ ತಮ್ಮಂಗೆ ಜ್ವರ’ ಎಂಬ ಅವಳ ದನಿ ಕಿಟಕಿಯಿಂದ ಕೇಳಿ, ಹೊದಿಕೆಯೊಳಗೆ ನಾಚಿಕೆಯಿಂದ ಮುದುರಿಕೊಂಡಿದ್ದ. ಜ್ವರಕ್ಕಿಂತ ಆ ದನಿಯೇ ಅವನನ್ನು ಸುಟ್ಟಿತ್ತು. ಗೋಡೆ ಹತ್ತಿ ಕದ್ದು ತಂದರೆ ಹೇಗೆ ಎಂದು ಬಕೆಟ್ಟು ಬೋರಲು ಹಾಕಿ, ಮೇಲೆ ನಿಂತು ಇಣುಕಿದ. ಟೈಲರನ ಮೊಲಗಳು ನೆಮ್ಮದಿಯಾಗಿ ಮೆಲ್ಲುತ್ತಿದ್ದವು. ಅವುಗಳಲ್ಲೊಂದು ಬಗ್ಗಿ ಏನನ್ನೋ ಬಾಯಿಗೆ ತೆಗೆದುಕೊಂಡು ನುಂಗಿತು. ಕದಿಯಬೇಕೆಂದರೂ ಒಡೆಯನ ಸಹಾಯ ಬೇಕಾದ ವಸ್ತು ಅದು. ಯಾರೋ ಕೆಮ್ಮಿದಂತಾಗಿ ಬಕೆಟ್ಟಿನಿಂದ ಜಾರಿದ, ಕೆಮ್ಮಿದ್ದು ಅವನೇ.

ಎರಡನೆಯ ಸಲ ಒಂದು ನೆಪ ಇರಲಿ ಎಂದು ಅಂಗಿಯ ಗುಂಡಿಯನ್ನು ತಾನೇ ಕಿತ್ತು ಕೈಯಲ್ಲಿ ಹಿಡಿದು ಹೋದ. ಗುಂಡಿ ಹಾಕುವಾಗ ಮಾತು ತನ್ನಷ್ಟಕ್ಕೆ ಬರುತ್ತದೆ, ಮಾತಿನ ಬಾಲ ಹಿಡಿದು ಮಾದರಿಯ ವಿಷಯವೂ ಬರುತ್ತದೆ ಎಂಬುದು ಲೆಕ್ಕಾಚಾರ. ಟೈಲರ್ ಅಂಗಿ ಬಿಚ್ಚಿಸಿಕೊಂಡು, ಬನಿಯನ್ನಿನಲ್ಲಿ ನಿಂತವನ ಕಡೆ ನೋಡದೆ, ದಾರದ ಬಣ್ಣ ಹೊಂದಿಸಿ, ಗುಂಡಿಯ ಬುಡಕ್ಕೆ ದಾರ ಸುತ್ತಿ ಬಿಗಿಯಾಗಿ ಹಾಕಿದ. ಉಳಿದ ಗುಂಡಿಗಳನ್ನೂ ಎಳೆದು ನೋಡಿ ಸಡಿಲವಾದ ಒಂದನ್ನು ಗಟ್ಟಿಮಾಡಿದ. ಮಾತಿನ ಬಾಲ ಮಾತ್ರ ಕೈಗೆ ಸಿಗಲಿಲ್ಲ. ಅಂಗಿ ತೊಟ್ಟು, ‘ಥ್ಯಾಂಕ್ಸ್’ ಎಂದ. ‘ಇಷ್ಟಕ್ಕೇ ಬಂದ್ರಾ?’ ಎಂದು ಕೇಳಿದ ಟೈಲರ್. ಬಾಗಿಲು ತೆರೆದು ಒಳಗೆ ಬಾ ಎಂದ ಹಾಗಿತ್ತು ಆ ಪ್ರಶ್ನೆ. ‘ಹೌದು’ ಎಂದು ಹೇಳಿ ಮನೆಗೆ ಬಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ, ಅಂಗಿಯ ಗುಂಡಿಗಳೂ ಗಟ್ಟಿಯಾಗಿದ್ದವು.

ಹಿರಿಸೊಸೆ ಈಗ ಹಲ್ಲು ಮಸೆಯುತ್ತಿರಲಿಲ್ಲ. ಪಕ್ಕಕ್ಕೆ ಒರಗಿದ್ದಳು, ಪಕ್ಕೆ ಮಾತ್ರ ಬೇಗಬೇಗ ಏರಿಳಿಯುತ್ತಿತ್ತು. ಅವನನ್ನು ನೋಡಿದ ಆ ಕಣ್ಣಿನಲ್ಲಿ ಬೈಗುಳವಾಗಲಿ, ಕ್ಷಮೆಯಾಗಲಿ ಏನೂ ಇರಲಿಲ್ಲ. ಅವನು ಮೇವು ಕೊಡುವವನು, ಕೊಟ್ಟದ್ದನ್ನು ಅವಳು ತಿಂದಿದ್ದಳು, ಅಷ್ಟೇ. ಅವನಿಗೆ ಅಳು ಬಂತು. ತನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ, ಮಾದರಿಯ ವಾಕ್ಯವನ್ನು ಮರೆತು ಚಪ್ಪಲಿ ಕೂಡ ಹಾಕಿಕೊಳ್ಳದೆ ನಡೆದ.

ಟೈಲರ್ ದಪ್ಪ ಗಿರಾಕಿಯೊಬ್ಬನ ಸೊಂಟಕ್ಕೆ ಟೇಪು ಸುತ್ತಿ ನಿಂತಿದ್ದ. ‘ಅಣ್ಣಾ, ನಿಮ್ಮ ಮೊಲದ ಹಿಕ್ಕೆ ಬೇಕಿತ್ತು’ ಎಂದ ಇವನು ಬಾಗಿಲಿನಿಂದಲೇ. ಅಣ್ಣಾ ಎಂದು ಎಂದೂ ಕರೆದವನಲ್ಲ. ಗಿರಾಕಿ ತಿರುಗಿ ನೋಡಿದ. ‘ಗಿಡಕ್ಕಾ?’ ಎಂದ ಟೈಲರ್. ‘ಹಿತ್ತಿಲಲ್ಲಿ ರಾಶಿ ಬಿದ್ದಿದೆ, ಬಾಚ್ಕೊಂಡು ಹೋಗಿ.’

‘ಅದಲ್ಲ. ಮೆತ್ತಗಿರೋದು. ತಿನ್ನೋಕೆ ಮುಂಚೆ ಹಿಡೀಬೇಕು.’

‘ಯಾರು ತಿನ್ನೋಕೆ ಮುಂಚೆ?’

ಗಿರಾಕಿ ನಗು ತಡೆಯಲಾರದೆ ಹೊಟ್ಟೆ ಕುಲುಕಿಸಿದ್ದರಿಂದ ಟೇಪು ಜಾರಿತು. ಇವನು ಹೇಳಿದ, ಬೋರ್ಡಿಲ್ಲದೆ, ಚಿತ್ರವಿಲ್ಲದೆ, ತನ್ನ ಜೀವನದ ಅತ್ಯಂತ ಕೆಟ್ಟ ಪಾಠವನ್ನು ತೊದಲುತ್ತ ಹೇಳಿದ. ಟೈಲರ್ ಟೇಪನ್ನು ಕೊರಳಿಗೆ ಹಾಕಿಕೊಂಡು, ಗಿರಾಕಿಗೆ ಸಂಜೆ ಬರಲು ಹೇಳಿ ಕಳಿಸಿದ. ‘ಯಾವುದಕ್ಕೆ ಹುಷಾರಿಲ್ಲ?’

‘ಹಿರಿಸೊಸೆಗೆ.’

‘ನಿಮ್ಮಕ್ಕನಿಗೆ ಗೊತ್ತಾ?’

‘ಇವತ್ತು ಬರ್ತಾಳೆ.’

ಟೈಲರ್ ಅವನನ್ನು ಮೇಲಿಂದ ಕೆಳಗೆ ನೋಡಿದ. ‘ನೀರು ಬಂತಾ ಅಂತ ಕೇಳೋಕೆ ಬಂದಿದ್ರಲ್ಲ, ಆಗ್ಲೇ ಹುಷಾರಿರ್ಲಿಲ್ವಾ?’ ಗುಂಡಿಯ ವಿಷಯವನ್ನು ಟೈಲರ್ ಎತ್ತಲಿಲ್ಲ. ಎತ್ತದೆ ಬಿಟ್ಟದ್ದು ಕಿವಿಗೆ ಕೇಳಿಸಿತು.

ಮೊಲ ಬಗ್ಗದ ಹಾಗೆ ಕೊರಳಿಗೆ ಏನಾದರೂ ಗಟ್ಟಿಯಾದದ್ದು ಕಟ್ಟಬೇಕು ಎಂದಾಗ ಟೈಲರ್ ಹೆಚ್ಚು ಕೇಳಲಿಲ್ಲ. ಅಂಗಿಯ ಕಾಲರಿಗೆ ಒಳಗೆ ಹಾಕುವ ದಪ್ಪ ಬಟ್ಟೆಯನ್ನು ಎಳೆದು, ತನ್ನ ಹಿತ್ತಿಲಿನ ದೊಡ್ಡ ಗಂಡುಮೊಲದ ಕೊರಳಿಗೆ ಟೇಪು ಹಿಡಿದು ಅಳತೆ ತೆಗೆದು, ಅಗಲವಾದ ಕಾಲರೊಂದನ್ನು ಕತ್ತರಿಸಿ, ಚರ್ಮಕ್ಕೆ ತಾಗದಂತೆ ಅಂಚು ಮಡಚಿ ಹೊಲಿದೇಬಿಟ್ಟ. ‘ಅಂಚು ಬೇಡ, ಹಾಗೇ ಕಟ್ಟಿಬಿಡಿ’ ಎಂದು ಹೇಳಲು ಇವನಿಗೆ ಬಾಯಿ ಬರಲಿಲ್ಲ. ಕಾಲರ್ ತೊಟ್ಟ ಮೊಲ ಮದುವೆಗೆ ಹೊರಟ ದೊಡ್ಡ ಮನುಷ್ಯನಂತೆ ಕತ್ತೆತ್ತಿ ಕೂತಿತು. ಅದರ ಹಿಂದೆ ಇಬ್ಬರೂ ಕುಕ್ಕುರುಗಾಲಲ್ಲಿ ಕೂತರು. ಬಿಸಿಲು ಏರಿತು. ಜೀವನದಲ್ಲಿ ಯಾವ ಫಲಿತಾಂಶಕ್ಕೂ ಇವನು ಇಷ್ಟು ಕಾತರದಿಂದ ಕಾದಿರಲಿಲ್ಲ. ಬೇರೆಯವರ ಮೊಲದ ಹಿಂಭಾಗವನ್ನು ರೆಪ್ಪೆ ಮಿಟುಕಿಸದೆ ನೋಡುತ್ತ, ಓದಿದ್ದೆಲ್ಲ ಕೊನೆಗೆ ಇಲ್ಲಿಗೆ ತಂದು ಕೂರಿಸಿತಲ್ಲ ಎಂದುಕೊಂಡ; ನಗು ಬಂತು, ಪಕ್ಕದಲ್ಲಿದ್ದವನು ತಪ್ಪು ತಿಳಿದಾನೆಂದು ನುಂಗಿದ. ‘ಇದು ಚೀಲದ ಮೇವೇ ತಿಂದಿರೋದು. ಪರವಾಗಿಲ್ವಾ?’ ಎಂದು ಕೇಳಿದ ಟೈಲರ್. ಆ ಮಾತಿನಲ್ಲಿ ಚುಚ್ಚು ಎಲ್ಲಿದೆ ಎಂದು ಇವನು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ‘ಆ ದಿನ ಸಭೇಲಿ ನಾನು...’ ಎಂದು ಶುರುಮಾಡಿದ. ‘ಶ್, ಬಂತು ನೋಡಿ’ ಎಂದ ಟೈಲರ್. ಇವನು ಕೈ ಮುಂದೆ ಮಾಡಿ ಒಂದು ಗಳಿಗೆ ಹಿಂದೆ ಮುಂದೆ ನೋಡಿದ. ಅಷ್ಟರಲ್ಲಿ ಟೈಲರನೇ ಬೆರಳುಗಳಿಂದ ಅದನ್ನು ಹಿಡಿದು ಸ್ಟೀಲಿನ ಬಟ್ಟಲಿಗೆ ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇನ್ನಷ್ಟು ಬಂತು, ಅದನ್ನು ಇವನು ಹಿಡಿದ. ಅಂಟಂಟಾಗಿ ಬೆಚ್ಚಗಿತ್ತು. ‘ಓಡಿ’ ಎಂದ ಟೈಲರ್.

ಓಡಿದ. ಬಟ್ಟಲಿಗೆ ಅಂಗೈ ಮುಚ್ಚಿಕೊಂಡು, ಬರಿಗಾಲಲ್ಲಿ, ಇಸ್ತ್ರಿ ಅಂಗಿಯಲ್ಲಿ. ಗೇಟು ತೆರೆದಿತ್ತು. ಜಗಲಿಯ ಮೇಲೆ ಅಕ್ಕನ ಬ್ಯಾಗು ಇತ್ತು, ಮನೆಯೊಳಗೆ ಅಕ್ಕ ಇರಲಿಲ್ಲ.

ಶೆಡ್ಡಿನಲ್ಲಿ, ಮೇವು ತುಂಬುವ ಡಬ್ಬದ ಮೇಲೆ, ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಅವಳು ಕೂತಿದ್ದಳು. ಹಿರಿಸೊಸೆ ಅವಳ ಮಡಿಲಲ್ಲಿದ್ದಳು. ಅಕ್ಕ ಅದರ ಕಿವಿಯನ್ನು ಬುಡದಿಂದ ತುದಿಯವರೆಗೆ ಮತ್ತೆ ಮತ್ತೆ ನೇವರಿಸುತ್ತಿದ್ದಳು. ತಲೆ ಮಾತ್ರ ಮಡಿಲಿನಿಂದಾಚೆ ಜೋತುಬಿದ್ದು, ನೇವರಿಸಿದ ಕಡೆಗೆಲ್ಲ ಅಲ್ಲಾಡುತ್ತಿತ್ತು. ಬಾಗಿಲಲ್ಲಿ ನಿಂತವನನ್ನು ಅವಳು ಇನ್ನೊಂದು ಕಣ್ಣಿನಿಂದ ನೋಡಿದಳು. ಚೀಲದ ಕಟ್ಟಿದ ಬಾಯನ್ನು ಆಗಲೇ ನೋಡಿಯಾಗಿರಬೇಕು. ಅದರ ಬಗ್ಗೆ ಏನೂ ಕೇಳಲಿಲ್ಲ.

‘ಹೊಟ್ಟೆ ಇನ್ನೂ ಬಿಸಿ ಇದೆ’ ಎಂದಳು. ‘ನಾನು ಬಂದಾಗ ಉಸಿರಿತ್ತು. ಕೈಗೆತ್ತಿಕೊಂಡ ಮೇಲೆ ಹೋಯ್ತು.’

ಅವನು ಬಟ್ಟಲನ್ನು ಮುಂದೆ ಹಿಡಿದ. ಅವಳು ಬಗ್ಗಿ, ಒಂದೇ ಕಣ್ಣಿನಿಂದ ಅದರೊಳಗೆ ಬಹಳ ಹತ್ತಿರದಿಂದ ನೋಡಿದಳು. ಏನೆಂದು ಅವಳಿಗೆ ತಿಳಿಯಿತು. ಅವನ ಪಾಠಗಳನ್ನೆಲ್ಲ ಕೇಳಿಸಿಕೊಂಡವಳು ಅವಳೊಬ್ಬಳೇ. ‘ಉಳಿದವಕ್ಕೆ ತಿನ್ಸು, ಹೋಗು’ ಎಂದಳು. ಅವನು ಮೊದಲನೆಯ ಗೂಡಿನ ಬಾಗಿಲು ತೆಗೆಯುತ್ತಿದ್ದಾಗ ಹಿಂದಿನಿಂದ ಕೇಳಿದಳು. ‘ಯಾವಾಗಿಂದ ಹೀಗಿದ್ಳು?’

‘ಬೆಳಿಗ್ಗೆಯಿಂದ.’

‘ನೀನೆಲ್ಲಿದ್ದೆ?’

‘ಪಕ್ಕದ ಮನೇಲಿ.’

‘ಬೆಳಿಗ್ಗೆಯಿಂದ ಪಕ್ಕದ ಮನೇಲೇ ಇದ್ಯಾ?’

ಹೌದು ಎಂದುಬಿಡಬಹುದಿತ್ತು. ಗೂಡಿನೊಳಗಿನ ಮೊಲ ಅವನ ಬೆರಳಿನಿಂದ ಮೆತ್ತಗಿನದನ್ನು ಹಿಂದೆ ಮುಂದೆ ನೋಡದೆ ತೆಗೆದುಕೊಂಡು ನುಂಗಿತು.

‘ಇಲ್ಲ ಅಕ್ಕ’ ಎಂದ. ‘ಬೆಳಿಗ್ಗೆಯಿಂದ ಪಕ್ಕದ ಮನೆಗೆ ಹೋಗ್ತಾ ಇದ್ದೆ.’